ರ‍್ಯಾನ್ ಔಟ್ ಆಫ್, ಪುಟ್ ಅಪ್ ವಿತ್: ಮೂರು ಪದದ ಕ್ರಿಯಾಪದಗಳಲ್ಲಿ ನಿನ್ನೆಯ ಮಾತು ಹೇಳುವುದು ಹೇಗೆ

ತುಮಕೂರಿನಲ್ಲಿ ಸಂಜೆ ಹೊತ್ತು ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬರುವವರಲ್ಲಿ ಹೆಚ್ಚಿನವರು ಡಿಗ್ರಿ ಮುಗಿಸಿ ಬೆಂಗಳೂರಿನ ಇಂಟರ್‌ವ್ಯೂಗಳಿಗೆ ಓಡಾಡುವವರು. ಬರುವಾಗಲೇ ಮೊಬೈಲಿನಲ್ಲಿ ಒಂದು ಪಟ್ಟಿ ಇರುತ್ತದೆ: ಈ ಕಡೆ ಫ್ರೇಸಲ್ ವರ್ಬ್ (ಕ್ರಿಯಾಪದಕ್ಕೆ ಔಟ್, ಅಪ್‌ನಂಥ ಸಣ್ಣ ಪದ ಸೇರಿ ಬೇರೆಯೇ ಅರ್ಥ ಕೊಡುವ ಜೋಡಿ), ಆ ಕಡೆ ಕನ್ನಡ ಅರ್ಥ. ‘ಇದಿಷ್ಟೂ ಬಾಯಿಪಾಠ ಆಗಿದೆ ಮಿಸ್, ಮಾತಾಡೋಕೆ ಹೋದ್ರೆ ಮಾತ್ರ ಬರಲ್ಲ’ ಅನ್ನುತ್ತಾರೆ. ಬರುವುದಿಲ್ಲ, ನಿಜ. ಪಟ್ಟಿ ಅರ್ಥ ಹೇಳುತ್ತದೆಯೇ ಹೊರತು ವಾಕ್ಯ ಕಟ್ಟಿಕೊಡುವುದಿಲ್ಲ. 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ನೇ ಅದರ ಮುನ್ನುಡಿಯಲ್ಲಿ, ಹೊರಗಿನವರಿಗೆ ಅತಿ ಹೆಚ್ಚು ತೊಡಕು ಕೊಡುವುದು ಈ ಜಾತಿಯ ಕ್ರಿಯಾಪದಗಳು ಎಂದು ಬರೆದಿದ್ದಾನೆ. ಆದ್ದರಿಂದ ನಾಚಿಕೆ ಬೇಡ, ಪಟ್ಟಿ ಪಕ್ಕಕ್ಕಿಡಿ.

ಮೂರು ಪದದ ಒಂದನ್ನು ಬಿಡಿಸಿ ನೋಡೋಣ. ‘ವಿ ರ‍್ಯಾನ್ ಔಟ್ ಆಫ್ ಗ್ಯಾಸ್’, ಅಂದರೆ ನಮ್ಮ ಮನೆಯಲ್ಲಿ ಗ್ಯಾಸ್ ಖಾಲಿಯಾಯಿತು. ಕಾಲ ತೋರಿಸುವುದು ಮೊದಲ ಪದ. ರನ್ ಹೋಗಿ ರ‍್ಯಾನ್ ಆಗಿದೆ. ಓಡುವುದನ್ನು ಖಾಲಿಯಾಗುವುದಾಗಿ ತಿರುಗಿಸಿದ್ದು ನಡುವಿನ ಔಟ್. ಖಾಲಿಯಾದ ವಸ್ತುವನ್ನು ವಾಕ್ಯದೊಳಕ್ಕೆ ಕರೆದುಕೊಂಡು ಬಂದದ್ದು ಕೊನೆಯ ಆಫ್. ಮೂರಕ್ಕೂ ಬೇರೆ ಬೇರೆ ಕೆಲಸ, ಒಬ್ಬರ ಕೆಲಸ ಇನ್ನೊಬ್ಬರು ಮಾಡುವುದಿಲ್ಲ. ನಮಗೆ ಕಷ್ಟವಾಗುವುದು ಎಲ್ಲಿ ಅಂದರೆ, ಕನ್ನಡದಲ್ಲಿ ‘ಮುಗಿದುಹೋಯಿತು’, ‘ಬಿಟ್ಟುಕೊಟ್ಟ’ ಅನ್ನುವಾಗ ಕಾಲದ ಗುರುತು ಬಾಲದಲ್ಲಿರುತ್ತದೆ. ಇಂಗ್ಲಿಷಿನಲ್ಲಿ ಅದು ತಲೆಯಲ್ಲಿ. ಹಿಂದಿನ ಎರಡು ಪದ ಜಪ್ಪಯ್ಯ ಅಂದರೂ ಬದಲಾಗುವುದಿಲ್ಲ.

ಡಿಡ್ ಬಂದರೆ ಕಾಲ ಅದರ ಪಾಲಿಗೆ ಹೋಯಿತು, ಕ್ರಿಯಾಪದ ಮೂಲರೂಪಕ್ಕೆ ವಾಪಸ್: ‘ವಿ ಡಿಡಂಟ್ ರನ್ ಔಟ್ ಆಫ್ ಗ್ಯಾಸ್’. ‘ಡಿಡಂಟ್ ರ‍್ಯಾನ್’ ಎಂಬುದನ್ನು ನಾನು ದಿನಾ ಕೇಳುತ್ತೇನೆ. ಇನ್ನು ಪುಟ್, ಕಟ್, ಲೆಟ್, ಸೆಟ್ ಹುಟ್ಟಿನಿಂದಲೇ ಬದಲಾಗದ ಗಿರಾಕಿಗಳು. ‘ಹಿ ಪುಟ್ ಅಪ್ ವಿತ್ ದಿ ನಾಯ್ಸ್’ ಅಂದರೆ ಸಹಿಸಿಕೊಂಡ, ಆಗಿಹೋದದ್ದು. ಇವತ್ತಿನ ಮಾತಾಗಿದ್ದರೆ ಪುಟ್ಸ್ ಆಗಬೇಕಿತ್ತು. ‘ಐ ಪುಟ್ ಅಪ್ ವಿತ್’ ಅಂದಾಗ ಈ ಸುಳಿವೂ ಸಿಗುವುದಿಲ್ಲ. ಲಾಸ್ಟ್ ಇಯರ್ ಅಂತಲೋ ಯೆಸ್ಟರ್ಡೇ ಅಂತಲೋ ಸೇರಿಸಿಬಿಡಿ.

ಕೊನೆಯ ಪದ ಯಾವಾಗ ಬೇಕು, ಯಾವಾಗ ಬೇಡ? ಪಟ್ಟಿಗಳು ಇದನ್ನು ಹೇಳುವುದೇ ಇಲ್ಲ. ‘ಹಿ ಬ್ಯಾಕ್ಟ್ ಔಟ್ ಆಫ್ ದಿ ಡೀಲ್’ ಸರಿ. ಯಾವುದರಿಂದ ಹಿಂದೆ ಸರಿದ ಎಂದು ಕೇಳುವವರಿಗೆ ಮೊದಲೇ ಗೊತ್ತಿದ್ದರೆ ‘ಹಿ ಬ್ಯಾಕ್ಟ್ ಔಟ್’ ಅಷ್ಟೇ ಸಾಕು; ಆಫ್ ಸೇರಿಸಿ ಅಲ್ಲೇ ನಿಂತರೆ ತಪ್ಪು. ‘ಡ್ರಾಪ್ಟ್ ಔಟ್ ಆಫ್ ಕಾಲೇಜ್’, ‘ಕಾಟ್ ಅಪ್ ವಿತ್ ದೆಮ್’ ಇವೂ ಹೀಗೆಯೇ. ಆದರೆ ಕೆಲವು ಜೋಡಿ ಬಿಡಿಸಿದರೆ ಕೆಡುತ್ತವೆ. ‘ಶಿ ಕೇಮ್ ಅಪ್ ವಿತ್ ಎ ಪ್ಲಾನ್’ ಅಂದರೆ ಉಪಾಯ ಹೊಳೆಯಿತು. ವಿತ್ ತೆಗೆದರೆ ಮೇಲೆ ಬಂದಳು ಎಂದಷ್ಟೇ ಉಳಿಯುತ್ತದೆ. ಪುಟ್ ಅಪ್ ವಿತ್‌ನ ಕಥೆಯೂ ಅದೇ. ಹೊಸದೊಂದು ಕಲಿತಾಗ ಕೊನೆಯ ಪದ ಮುಚ್ಚಿಟ್ಟು ಓದಿ, ಅರ್ಥ ನಿಲ್ಲುತ್ತದೋ ಬೀಳುತ್ತದೋ ನೋಡಿಕೊಳ್ಳಿ.

ನನಗೆ ಬಹಳ ಇಷ್ಟವಾದ ಜೋಡಿ ವಾಕ್ಯ ಒಂದಿದೆ. ‘ಶಿ ಗೇವ್ ಅಪ್ ಆನ್ ಹಿಮ್’, ‘ಶಿ ಗೇವ್ ಅಪ್ ಆನ್ ಮಂಡೇ’. ನೋಡಲು ಅಕ್ಕತಂಗಿ, ಒಳಗೆ ಸಂಬಂಧವೇ ಇಲ್ಲ. ಮೊದಲನೆಯದರಲ್ಲಿ ಆನ್ ಕ್ರಿಯಾಪದದ್ದು: ಅವನ ಮೇಲಿನ ಆಸೆ ಬಿಟ್ಟಳು. ಎರಡನೆಯದರಲ್ಲಿ ಆನ್ ಸೋಮವಾರದ್ದು: ಕೈಚೆಲ್ಲಿದಳು, ಸೋಮವಾರ. ಪ್ರಶ್ನೆ ಕೇಳಿದರೆ ಬಣ್ಣ ಬಯಲು. ‘ಹೂ ಡಿಡ್ ಶಿ ಗಿವ್ ಅಪ್ ಆನ್?’ ಅಂದಾಗ ಆನ್ ಉಳಿಯುತ್ತದೆ; ‘ವೆನ್ ಡಿಡ್ ಶಿ ಗಿವ್ ಅಪ್?’ ಅಂದಾಗ ಮಾಯ. ವಾಕ್ಯದಲ್ಲಿ ಕಾಣುವ ಪ್ರತಿ ಪ್ರಿಪೊಸಿಷನ್ನೂ (ಆನ್, ಆಫ್, ವಿತ್‌ನಂತೆ ನಾಮಪದದ ಮುಂದೆ ಕೂರುವ ಸಣ್ಣ ಪದ) ಕ್ರಿಯಾಪದದ ಬಾಲ ಎಂದು ತಿಳಿಯದಿರಲು ಈ ಪರೀಕ್ಷೆ ಸಾಕು.

ಹಾಗೆ ಪ್ರಶ್ನೆಯ ಕೊನೆಯಲ್ಲಿ ಪ್ರಿಪೊಸಿಷನ್ ನಿಲ್ಲಿಸಬಾರದು ಎಂದು ಯಾರಾದರೂ ಹಳೇ ಕಾಲದ ಮೇಷ್ಟ್ರು ಹೇಳಿಕೊಟ್ಟಿದ್ದರೆ ಮರೆತುಬಿಡಿ. ಆ ನಿಯಮವನ್ನು ಅಣಕಿಸುವ ‘ಅಪ್ ವಿತ್ ವಿಚ್ ಐ ವಿಲ್ ನಾಟ್ ಪುಟ್’ ಎಂಬ ಮಾತನ್ನು ಚರ್ಚಿಲ್ ಹೆಸರಿಗೆ ಕಟ್ಟುತ್ತಾರೆ. ಆತ ಹೇಳಿದ್ದಕ್ಕೆ ಗಟ್ಟಿ ಆಧಾರವಿಲ್ಲ, ಆದರೆ ಯಾರು ಹೇಳಿದ್ದರೂ ಏಟು ಸರಿಯಾಗಿ ಬಿದ್ದಿದೆ.

ಇಟ್, ಹಿಮ್, ದೆಮ್ ಎಲ್ಲಿ ಕೂರಬೇಕು? ಎರಡು ಪದದ ಹಲವು ಕ್ರಿಯಾಪದಗಳಲ್ಲಿ ನಡುವೆ: ‘ಐ ಟರ್ನ್ಡ್ ಇಟ್ ಆಫ್’ (ಈ ಆಫ್ off, ಔಟ್ ಆಫ್‌ನ of ಅಲ್ಲ). ಇದನ್ನು ಕಲಿತ ಉತ್ಸಾಹದಲ್ಲಿ ಹುಡುಗರು ‘ಐ ಪುಟ್ ಇಟ್ ಅಪ್ ವಿತ್’ ಅನ್ನುತ್ತಾರೆ. ಕೂಡದು. ಪ್ರಿಪೊಸಿಷನ್ ಇರುವುದೇ ಅದನ್ನು ಕರೆತರಲು, ಹಾಗಾಗಿ ಅದರ ಬೆನ್ನಿಗೇ: ‘ಐ ಪುಟ್ ಅಪ್ ವಿತ್ ಇಟ್’. ಒಬ್ಬ ಮನುಷ್ಯ, ಒಂದು ವಿಷಯ ಎರಡೂ ಇದ್ದರೆ ಮಾತ್ರ ಮನುಷ್ಯ ನಡುವೆ, ವಿಷಯ ಕೊನೆಗೆ: ‘ಶಿ ಟಾಕ್ಟ್ ಮಿ ಔಟ್ ಆಫ್ ಇಟ್’, ಅಂದರೆ ಬೇಡ ಅಂತ ನನ್ನ ಮನಸ್ಸು ತಿರುಗಿಸಿದಳು.

ಟು ಬಂದಲ್ಲಿ ಎಚ್ಚರ. ‘ಐ ಲುಕ್ಟ್ ಫಾರ್ವರ್ಡ್ ಟು ಮೀಟ್ ಹರ್’ ತಪ್ಪು, ‘ಟು ಮೀಟಿಂಗ್ ಹರ್’ ಸರಿ. ಟು ಆದಮೇಲೆ ಇಟ್ ಹಾಕಿ ನೋಡಿ. ‘ಲುಕ್ಟ್ ಫಾರ್ವರ್ಡ್ ಟು ಇಟ್’ ಸರಿಯಾಗಿ ಕೇಳಿಸುತ್ತದೆ. ಅಂದಮೇಲೆ ಅದು ಪ್ರಿಪೊಸಿಷನ್, ಮುಂದೆ ಇಂಗ್ ಬೇಕು. ‘ವಾಂಟೆಡ್ ಟು ಇಟ್’ ಕೇಳಿಸುವುದಿಲ್ಲ, ಅಲ್ಲಿ ಮೂಲರೂಪ.

ಇಂಟರ್‌ವ್ಯೂಗೆ ಹೋಗುವವರಿಗೆ ಎರಡು ಮಾತು. ‘ಐ ಕೋಪ್ಟ್ ಅಪ್ ವಿತ್ ದಿ ಪ್ರೆಶರ್’ ಅನ್ನಬೇಡಿ. ಅಲ್ಲಿ ಅಪ್‌ಗೆ ಕೆಲಸವೇ ಇಲ್ಲ, ‘ಕೋಪ್ಟ್ ವಿತ್’ ಸಾಕು. ಕೀಪ್ ಅಪ್ ವಿತ್, ಕ್ಯಾಚ್ ಅಪ್ ವಿತ್ ನೋಡಿ ನೋಡಿ ಇದಕ್ಕೂ ಅಂಟಿಸಿಕೊಂಡಿದ್ದೇವೆ ಎಂದು ನನ್ನ ಅನುಮಾನ. ಇನ್ನೊಂದು, ‘ಐ ಪಾಸ್ಟ್ ಔಟ್ ಇನ್ 2023’. ಇಲ್ಲಿಯವರಿಗೆ ಅರ್ಥವಾಗುತ್ತದೆ. ವಿಡಿಯೊ ಕಾಲ್‌ನ ಆ ಕಡೆ ಅಮೆರಿಕದವರಿದ್ದರೆ, 2023ರಲ್ಲಿ ನೀವು ಪ್ರಜ್ಞೆ ತಪ್ಪಿ ಬಿದ್ದಿರಿ ಅಂದುಕೊಳ್ಳುತ್ತಾರೆ. ‘ಗ್ರ್ಯಾಜುಯೇಟೆಡ್’ ಅನ್ನಿ.

ಅಭ್ಯಾಸಕ್ಕೆ ನಿನ್ನೆಯ ನಿಮ್ಮದೇ ಸಂಗತಿ ತೆಗೆದುಕೊಳ್ಳಿ: ಕರೆನ್ಸಿ ಖಾಲಿಯಾದದ್ದು, ಸಹಿಸಿಕೊಂಡ ರೂಮ್‌ಮೇಟ್. ಪ್ರತಿಯೊಂದನ್ನೂ ಮೂರು ಸಲ ಹೇಳಿ, ಹೌದು ಅಂತ, ಇಲ್ಲ ಅಂತ, ಪ್ರಶ್ನೆಯಾಗಿ. ಜೋರಾಗಿ ಹೇಳಬೇಕು, ಏಕೆಂದರೆ ನಮ್ಮ ಬಾಯಲ್ಲಿ ಭೂತಕಾಲದ ಈಡಿ (ed) ‘ಲುಕ್ಕೆಡ್’, ‘ಡ್ರಾಪ್ಪೆಡ್’ ಎಂದು ಹಿಗ್ಗುತ್ತದೆ. ಟಿ ಅಥವಾ ಡಿ ಸದ್ದಿನಲ್ಲಿ ಮುಗಿಯುವ ಕ್ರಿಯಾಪದಕ್ಕೆ ಮಾತ್ರ ‘ಎಡ್’, ಎಂಡೆಡ್ ಅಪ್ ಇದ್ದಹಾಗೆ. ಉಳಿದಲ್ಲಿ ಬರೀ ಟ್ ಅಥವಾ ಡ್, ಅದೂ ಮುಂದಿನ ಪದಕ್ಕೆ ಅಂಟಿಕೊಂಡು. ಒತ್ತು ನಡುವಿನ ಪದಕ್ಕೆ. ಔಟ್ ಆದಮೇಲೆ ಆಫ್ ಎಂದು ನಾನು ಬರೆದದ್ದು ಮಾತಿನಲ್ಲಿ ಸಣ್ಣ ‘ಅವ್’ ಆಗುತ್ತದೆ: ಡ್ರಾಪ್ಟೌಟವ್. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಔಟ್‌ಗಿಂತ ಆಫ್ ಜೋರಾಗಿ ಕೇಳಿಸಿದರೆ ಇನ್ನೊಮ್ಮೆ ಹೇಳಿ.