ಸ್ಲ್ಯಾಬ್ ಮೇಲಿನ ಚೀಟಿ ಓದುವುದು ಹೇಗೆ?

ನನ್ನ ಹತ್ತಿರ ಒಂದು ಮಾರ್ಗನ್ ಡಾಲರ್, ಅಂದರೆ ಅಮೆರಿಕದ ಹಳೆಯ ಬೆಳ್ಳಿ ನಾಣ್ಯ, ಇದೆ. ನಾಣ್ಯಗಳನ್ನು ಪರೀಕ್ಷಿಸಿ ಗ್ರೇಡ್ ಕೊಡುವ ಕಂಪನಿ ಅದನ್ನು ಸ್ಲ್ಯಾಬ್ ಎಂಬ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದೆ. ಅದರ ಚೀಟಿಯಲ್ಲಿ '1881-ಎಸ್, ಎಂಎಸ್ 65' ಎಂದಿದೆ. 1881 ಇಸವಿ, ಎಸ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆ. ಎಂಎಸ್ ಅಂದರೆ ಕೈಯಿಂದ ಕೈಗೆ ಹೋಗಿ ಸವೆಯದ ನಾಣ್ಯ. 65 ಎಂಬುದು ನಾಣ್ಯದ ಸ್ಥಿತಿ ಹೇಳುವ, 1ರಿಂದ 70ರವರೆಗಿನ ಶೆಲ್ಡನ್ ಅಳತೆಯ ಅಂಕ. ಪ್ರೂಫ್ ನಾಣ್ಯವಾದರೆ (ಸಂಗ್ರಹಕಾರರಿಗೆಂದೇ ವಿಶೇಷವಾಗಿ ಅಚ್ಚೊತ್ತಿದ್ದು) ಪಿಸಿಜಿಎಸ್ ಕಂಪನಿಯವರು ಪಿಆರ್ ಅಂತಾರೆ, ಎನ್‌ಜಿಸಿ ಕಂಪನಿಯವರು ಪಿಎಫ್ ಅಂತಾರೆ. ಎರಡೂ ಒಂದೇ.

'ಡೀಟೇಲ್ಸ್' ಎಂಬ ಪದ ಕಂಡರೆ ಮಾತ್ರ ಸ್ವಲ್ಪ ತಡೆಯಿರಿ. ನಾಣ್ಯ ಅಸಲಿಯೇ, ಆದರೆ ಯಾರೋ ಉಜ್ಜಿ ತೊಳೆದಿರುತ್ತಾರೆ, ಇಲ್ಲವೇ ಗೀರು ಬಿದ್ದಿರುತ್ತದೆ. ಬೆಲೆ ಜಾಸ್ತಿ ಕೊಡಬೇಡಿ.

ಇನ್ನು ನಂಬರ್. ನನ್ನ ಪಿಸಿಜಿಎಸ್ ಚೀಟಿಯಲ್ಲಿ 7130.65 ಎಂದಿದೆ, ಆಮೇಲೆ ಓರೆಗೆರೆ, ಆಮೇಲೆ ಇನ್ನೊಂದು ಉದ್ದ ನಂಬರ್. 7130 ಮಾಮೂಲಿ 1881-ಎಸ್ ಮಾರ್ಗನ್‌ಗಳಿಗೆಲ್ಲ ಒಂದೇ. ಓರೆಗೆರೆಯ ನಂತರದ್ದೇ ಈ ಒಂದು ನಾಣ್ಯದ ಸರ್ಟಿಫಿಕೇಟ್ ನಂಬರ್. ಶುರುವಿನಲ್ಲಿ ನಾನು ಮೊದಲನೆಯದನ್ನೇ ಹಾಕಿ ಹುಡುಕಿ ತಲೆ ಕೆಡಿಸಿಕೊಂಡಿದ್ದೆ!

ಕಂಪನಿಯ ವೆಬ್‌ಸೈಟ್ ವಿಳಾಸ ನೀವೇ ಟೈಪ್ ಮಾಡಿ, ನಂಬರ್ ಹಾಕಿ. ನಂಬರ್ ಸಿಕ್ಕಿತು ಅಂತ ಸುಮ್ನೆ ನಂಬಬೇಡಿ. ನಕಲಿ ಮಾಡುವವರು ಅಸಲಿ ನಂಬರನ್ನೇ ಕದಿಯುತ್ತಾರೆ. ಒಮ್ಮೆ ನನಗೆ ಹಾಗೇ ಆಯಿತು. ಇಸವಿ, ಗ್ರೇಡ್ ಎಲ್ಲ ಸರಿ. ಆದರೆ ವೆಬ್‌ಸೈಟಿನ ಫೋಟೋದಲ್ಲಿ ನಾಣ್ಯದ ಮೇಲಿನ ಲಿಬರ್ಟಿ ದೇವಿಯ ಕೆನ್ನೆ ಮೇಲೆ ಸಣ್ಣ ಗೀರಿತ್ತು, ನನ್ನ ಕೈಲಿದ್ದ ನಾಣ್ಯದ ಕೆನ್ನೆ ನುಣ್ಣಗಿತ್ತು. ಗೀರು ತಾನಾಗಿ ಮಾಯವಾಗಲ್ಲ ಅಲ್ವಾ?