ಅಯೂಬ್ ಖಾನ್ ಅವರ ಬದುಕನ್ನು ಕನ್ನಡದಲ್ಲಿ ಬರೆಯುವ ಬಗೆ

ಸೈನ್ಯದಿಂದ ರಾಜಕೀಯಕ್ಕೆ ಬಂದವರ ಬದುಕನ್ನು ಬರೆಯಲು ಕುಳಿತವರು ಸಾಮಾನ್ಯವಾಗಿ ಅದನ್ನು ಎರಡು ಭಾಗ ಮಾಡಿಕೊಳ್ಳುತ್ತಾರೆ: ಮೊದಲು ದಂಡು, ಆಮೇಲೆ ಗದ್ದುಗೆ. ಪಾಕಿಸ್ತಾನದ ಫೀಲ್ಡ್ ಮಾರ್ಷಲ್ ಮಹಮ್ಮದ್ ಅಯೂಬ್ ಖಾನ್ ಅವರ ವಿಷಯದಲ್ಲಿ ಈ ಕ್ರಮವನ್ನು ಹಿಡಿದರೆ ಬರಹ ಮೊದಲ ಪುಟದಲ್ಲೇ ದಾರಿ ತಪ್ಪುತ್ತದೆ. ಸಮವಸ್ತ್ರ ಕಳಚುವುದಕ್ಕೆ ಎಷ್ಟೋ ಮೊದಲೇ ಮಂತ್ರಿಯಾಗಿದ್ದವರು ಅವರು; ದೇಶದ ಅಧ್ಯಕ್ಷರಾದ ಮೇಲೆ ಸೈನ್ಯದ ಅತ್ಯುನ್ನತ ದರ್ಜೆಯನ್ನು ಪಡೆದವರೂ ಅವರೇ. ವಿಶ್ವಕೋಶಕ್ಕೋ, ಮಾಸಪತ್ರಿಕೆಗೋ, ಕಾಲೇಜಿನ ವಿಚಾರಸಂಕಿರಣಕ್ಕೋ ಅವರ ಬಗ್ಗೆ ಕೆಲವು ಪುಟಗಳನ್ನು ಬರೆಯಬೇಕಾದವರು ಹೇಗೆ ಮುಂದುವರಿಯಬಹುದೆಂಬುದನ್ನು ಇಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ಬರೆಯುವುದಕ್ಕೆ ಮೊದಲು ಒಂದು ಉದ್ದನೆಯ ಹಾಳೆ ತೆಗೆದುಕೊಂಡು ನಡುವೆ ಗೆರೆ ಹಾಕಿ, ಎಡಗಡೆ ‘ದಂಡು’, ಬಲಗಡೆ ‘ಗದ್ದುಗೆ’ ಎಂದು ಬರೆಯಿರಿ. ಪ್ರತಿ ಹುದ್ದೆಯ ಮುಂದೆ ಅದು ಸಿಕ್ಕಿದ ದಿನ, ಬಿಟ್ಟ ದಿನ, ಜೊತೆಗೆ ಆದೇಶಕ್ಕೆ ಸಹಿ ಹಾಕಿದವರು ಯಾರು ಎಂಬ ಮೂರು ವಿವರಗಳು ಇರಲಿ. ಮೂರನೆಯದನ್ನು ಹೆಚ್ಚಿನವರು ಬರೆದುಕೊಳ್ಳುವುದಿಲ್ಲ. ಆದರೆ ಈ ಬದುಕಿನ ಗುಟ್ಟು ಇರುವುದು ಅಲ್ಲಿಯೇ.

ಬಾಲ್ಯಕ್ಕೆ ಹೆಚ್ಚು ಜಾಗ ಬೇಕಿಲ್ಲ, ಆದರೆ ಒಂದು ವಿವರವನ್ನು ಬಿಡಬಾರದು. ಅಯೂಬ್ ಹುಟ್ಟಿದ್ದು 1907ರ ಮೇ 14ರಂದು, ಹಜಾರಾ ಸೀಮೆಯ ಹರಿಪುರದ ಬಳಿಯ ರೆಹಾನಾ ಎಂಬ ಹಳ್ಳಿಯಲ್ಲಿ. ತಂದೆ ಮೀರ್ ದಾದ್ ಖಾನ್ ಬ್ರಿಟಿಷ್ ಭಾರತದ ‘ಹಾಡ್ಸನ್ಸ್ ಹಾರ್ಸ್’ ಎಂಬ ಅಶ್ವದಳದಲ್ಲಿ ರಿಸಾಲ್ದಾರ್ ಮೇಜರ್ ಆಗಿದ್ದರು. ಈ ದರ್ಜೆಯನ್ನು ಓದುಗರಿಗೆ ಬಿಡಿಸಿ ಹೇಳಿ: ಅದು ಆ ಕಾಲದಲ್ಲಿ ಭಾರತೀಯ ಸವಾರನೊಬ್ಬ ಜೀವಮಾನವೆಲ್ಲ ದುಡಿದು ಏರಬಹುದಾಗಿದ್ದ ಕೊನೆಯ ಮೆಟ್ಟಿಲು, ಆದರೂ ಇಂಗ್ಲೆಂಡಿನಿಂದ ನಿನ್ನೆ ಬಂದಿಳಿದ ಎಳೆಯ ಲೆಫ್ಟಿನೆಂಟನಿಗೂ ಕೆಳಗಿನದು. ಅಲೀಗಢದಲ್ಲಿ ಓದುತ್ತಿದ್ದ ಮಗ 1926ರಲ್ಲಿ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿಗೆ ಹೋಗಿ 1928ರಲ್ಲಿ ಅಧಿಕಾರಿಯಾಗಿ ಹೊರಬಂದಾಗ, ತಂದೆಯ ಕೊನೆಯ ಮೆಟ್ಟಿಲಿಗಿಂತ ಮೇಲೆ ತನ್ನ ಮೊದಲ ಹೆಜ್ಜೆ ಇಟ್ಟಿದ್ದ. ಇಷ್ಟು ಹೇಳಿದರೆ ಬಾಲ್ಯ ಮುಗಿಯಿತು. ಶಾಲೆಗೆ ಹೋಗಿ ಬಂದ ಕಥೆಗಳೆಲ್ಲ ಆತ್ಮಕಥೆಯಲ್ಲಿಯೇ ಇರಲಿ.

ಮುಂದೆ ಬರ್ಮಾದ ರಣರಂಗವನ್ನು, ದೇಶವಿಭಜನೆಯ ದಿನಗಳನ್ನು ಬೇಗ ದಾಟಿ, 1948ರ ಆರಂಭದಲ್ಲಿ ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶದ) ಸೇನೆಯ ಹೊಣೆ ಹೊತ್ತು ಢಾಕಾಕ್ಕೆ ಹೋದದ್ದನ್ನು ಗುರುತು ಹಾಕಿಕೊಳ್ಳಿ. ಮುಂದೆ ಅವರನ್ನು ಕೊನೆಯವರೆಗೂ ಕಾಡಿದ್ದು ಆ ಪೂರ್ವಭಾಗವೇ. ಮಹಾದಂಡನಾಯಕರಾದ ಪ್ರಸಂಗ ಬಂದಾಗ ಮಾತ್ರ ನಿಲ್ಲಬೇಕು. ಆ ಹುದ್ದೆಗೆ ಬರುವವರೆಂದು ಎಲ್ಲರೂ ಎಣಿಸಿದ್ದವರು ಮೇಜರ್ ಜನರಲ್ ಇಫ್ತಿಖಾರ್ ಖಾನ್. ಅವರು 1949ರ ಡಿಸೆಂಬರಿನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡರು. 1951ರ ಜನವರಿ 17ರಂದು ಡಗ್ಲಸ್ ಗ್ರೇಸಿ ಅವರಿಂದ ಅಧಿಕಾರ ವಹಿಸಿಕೊಂಡು, ಪಾಕಿಸ್ತಾನದ ಸೇನೆಗೆ ಆ ದೇಶದವರೇ ಆದ ಮೊದಲ ಮುಖ್ಯಸ್ಥರಾದವರು ಅಯೂಬ್. ಆಯ್ಕೆ ಮಾಡಿದವರು ಪ್ರಧಾನಿ ಲಿಯಾಕತ್ ಅಲಿ ಖಾನ್, ಎಂದರೆ ಒಬ್ಬ ನಾಗರಿಕ. ಸಹಿಯ ಕಲಮಿನಲ್ಲಿ ಈ ಹೆಸರನ್ನು ಬರೆಯಿರಿ, ಅದೇ ವರ್ಷದ ಅಕ್ಟೋಬರಿನಲ್ಲಿ ಲಿಯಾಕತ್ ರಾವಲ್ಪಿಂಡಿಯಲ್ಲಿ ಗುಂಡಿಗೆ ಬಲಿಯಾದರೆಂಬುದನ್ನೂ ಪಕ್ಕದಲ್ಲಿ ಬರೆಯಿರಿ.

ಈಗ ಹಾಳೆಯ ಬಲಗಡೆಗೆ ಬನ್ನಿ. ‘1958ರಲ್ಲಿ ಅಯೂಬ್ ರಾಜಕೀಯಕ್ಕೆ ಬಂದರು’ ಎಂಬ ವಾಕ್ಯ ಎಷ್ಟೋ ಬರಹಗಳಲ್ಲಿ ಕಣ್ಣಿಗೆ ಬೀಳುತ್ತದೆ. ನಾನೂ ಮೊದಲ ಕರಡಿನಲ್ಲಿ ಹಾಗೆಯೇ ಬರೆದು, ಹಾಳೆಗೆ ಗೆರೆ ಹಾಕಿದ ಮೇಲೆ ಹೊಡೆದುಹಾಕಿದೆ. 1954ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಗುಲಾಮ್ ಮಹಮ್ಮದ್ ಸಂವಿಧಾನ ಸಭೆಯನ್ನು ವಿಸರ್ಜಿಸಿ ಹೊಸ ಸಂಪುಟ ಕಟ್ಟಿದಾಗ ಅದರಲ್ಲಿ ರಕ್ಷಣಾ ಮಂತ್ರಿಯಾದವರು ಅಯೂಬ್, ಅದೂ ಮಹಾದಂಡನಾಯಕನ ಹುದ್ದೆಯನ್ನು ಬಿಡದೆ. 1955ರ ಆಗಸ್ಟಿನವರೆಗೂ ಸೇನಾ ಮುಖ್ಯಸ್ಥನೂ ಆತನಿಗೆ ಆದೇಶ ಕೊಡಬೇಕಾದ ಮಂತ್ರಿಯೂ ಒಬ್ಬರೇ ಆಗಿದ್ದರು. ಎರಡು ಕಲಮುಗಳೂ ಒಟ್ಟಿಗೆ ತುಂಬಿರುವ ಈ ಹತ್ತು ತಿಂಗಳಿಗೆ ನಿಮ್ಮ ಬರಹದಲ್ಲಿ ಕನಿಷ್ಠ ಒಂದು ಪೂರ್ತಿ ಪ್ಯಾರಾ ಸಲ್ಲಬೇಕು. ಸೇನಾ ಮುಖ್ಯಸ್ಥರಾಗಿ ಅವರ ಅವಧಿ ಒಂದಕ್ಕಿಂತ ಹೆಚ್ಚು ಬಾರಿ ವಿಸ್ತರಣೆಯಾಯಿತೆಂಬುದನ್ನೂ, ಅದೇ ವರ್ಷಗಳಲ್ಲಿ ಪ್ರಧಾನಿಗಳು ಒಬ್ಬರಾದ ಮೇಲೊಬ್ಬರು ಬಂದು ಹೋದರೆಂಬುದನ್ನೂ ಅಕ್ಕಪಕ್ಕ ಇಟ್ಟರೆ, 1958ರ ಘಟನೆ ಓದುಗರಿಗೆ ಸಿಡಿಲಿನಂತೆ ಎರಗುವುದಿಲ್ಲ.

ಆ ಅಕ್ಟೋಬರ್ ತಿಂಗಳನ್ನು ದಿನಾಂಕ ಹಿಡಿದು ಬರೆಯಿರಿ. 7ನೇ ತಾರೀಖಿನ ರಾತ್ರಿ 1956ರ ಸಂವಿಧಾನವನ್ನು ರದ್ದು ಮಾಡಿ, ಮಾರ್ಷಲ್ ಲಾ, ಎಂದರೆ ಸೇನಾಡಳಿತ, ಹೇರಿದವರು ಅಯೂಬ್ ಅಲ್ಲ, ಅಧ್ಯಕ್ಷ ಇಸ್ಕಂದರ್ ಮಿರ್ಜಾ. ಮಿರ್ಜಾ ಕೂಡ ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತು ಬಂದವರೇ. 1959ರ ಫೆಬ್ರುವರಿಗೆ ಗೊತ್ತಾಗಿದ್ದ ಚುನಾವಣೆ ಅಲ್ಲಿಗೆ ನಿಂತಿತು. ಅಯೂಬ್‌ಗೆ ಸಿಕ್ಕಿದ್ದು ಮಾರ್ಷಲ್ ಲಾದ ಮುಖ್ಯ ಆಡಳಿತಗಾರನ ಹುದ್ದೆ. 27ರಂದು ಕರಾಚಿಯಲ್ಲಿ ಹೊಸ ಸಂಪುಟ ಪ್ರಮಾಣವಚನ ಸ್ವೀಕರಿಸಿತು. ಅಯೂಬ್ ಪ್ರಧಾನಿ, ಮೂವತ್ತರ ಹರೆಯದ ಜುಲ್ಫಿಕರ್ ಅಲಿ ಭುಟ್ಟೊ ಒಬ್ಬ ಮಂತ್ರಿ. ಅದೇ ದಿನ ಸುಪ್ರೀಂ ಕೋರ್ಟು ದೊಸ್ಸೊ ಪ್ರಕರಣದಲ್ಲಿ, ಯಶಸ್ವಿಯಾದ ಕ್ರಾಂತಿಯೇ ಹೊಸ ಕಾನೂನಿಗೆ ಆಧಾರವಾಗಬಲ್ಲದೆಂದು ತೀರ್ಪು ಕೊಟ್ಟಿತು. ಅದೇ ರಾತ್ರಿ ಆಜಂ ಖಾನ್, ಬುರ್ಕಿ, ಶೇಖ್ ಎಂಬ ಮೂವರು ಜನರಲ್‌ಗಳು ಮಿರ್ಜಾ ಅವರ ಮನೆಗೆ ಹೋಗಿ ರಾಜೀನಾಮೆಗೆ ಸಹಿ ಹಾಕಿಸಿಕೊಂಡರು. ಮಿರ್ಜಾ ಲಂಡನ್ನಿಗೆ ಗಡಿಪಾರಾದರು. ಇಪ್ಪತ್ತು ದಿನಗಳ ಹಿಂದೆ ಅಧಿಕಾರ ಕೊಟ್ಟವರು ಅದೇ ಅಧಿಕಾರದಿಂದ ಹೊರಬಿದ್ದದ್ದು ಹೀಗೆ. ಈ ದಿನದ ಮುಂದೆ ‘ಸಹಿ’ಯ ಕಲಮಿನಲ್ಲಿ ಏನು ಬರೆಯುವುದೆಂದು ನೀವು ತಡಕಾಡಿದರೆ, ಹಾಳೆ ತನ್ನ ಕೆಲಸವನ್ನು ಸರಿಯಾಗಿ ಮಾಡಿದೆ ಎಂದರ್ಥ.

ಎಡಗಡೆಯ ಕಲಮನ್ನು ಇಲ್ಲಿಗೆ ಮುಚ್ಚಬೇಡಿ. ಸೇನಾ ಮುಖ್ಯಸ್ಥನ ಹುದ್ದೆಯೇನೋ ಜನರಲ್ ಮೂಸಾ ಅವರಿಗೆ ಹೋಯಿತು. ಆದರೆ ವರ್ಷ ತುಂಬುವ ಹೊತ್ತಿಗೆ ಅಯೂಬ್ ಫೀಲ್ಡ್ ಮಾರ್ಷಲ್ ಆದರು, ಅದೂ ತಮ್ಮದೇ ಸಂಪುಟದ ಕೈಯಿಂದ. ಕೊಡಗಿನ ಕೆ.ಎಂ. ಕಾರ್ಯಪ್ಪನವರು ನಿವೃತ್ತರಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 1986ರಲ್ಲಿ ಅವರಿಗೆ ಅದೇ ದರ್ಜೆ ಬಂದದ್ದನ್ನು ನೆನೆದರೆ, ಒಂದೇ ಬಿರುದಿನ ಹಿಂದೆ ಎಷ್ಟು ಬೇರೆ ಬೇರೆ ದಾರಿಗಳಿರಬಹುದೆಂದು ಕನ್ನಡದ ಓದುಗರಿಗೆ ತಟ್ಟನೆ ಹೊಳೆಯುತ್ತದೆ.

ಆಡಳಿತದ ದಶಕವನ್ನು ಬರೆಯುವಾಗ ಸಾಧನೆಗಳ ಪಟ್ಟಿ ಕೊಡುವ ಆಸೆ ಹುಟ್ಟುತ್ತದೆ. 1959ರ ಭೂಸುಧಾರಣೆ, 1960ರ ಸೆಪ್ಟೆಂಬರಿನಲ್ಲಿ ನೆಹರೂ ಅವರೊಂದಿಗೆ ಕರಾಚಿಯಲ್ಲಿ ಆದ ಸಿಂಧೂ ನದಿ ಒಪ್ಪಂದ, 1961ರ ಮುಸ್ಲಿಂ ಕೌಟುಂಬಿಕ ಕಾನೂನು, ಇಸ್ಲಾಮಾಬಾದಿಗೆ ರಾಜಧಾನಿಯ ಬದಲಾವಣೆ, ಇವನ್ನೆಲ್ಲ ಒಂದೆರಡು ವಾಕ್ಯಗಳಲ್ಲಿ ಹೇಳಿ, ಉಳಿದ ಜಾಗವನ್ನು ಒಂದೇ ಸಂಗತಿಗೆ ಕೊಡಿ. ಅದು ‘ಮೂಲ ಪ್ರಜಾಪ್ರಭುತ್ವ’ ಎಂಬ ಅವರ ವ್ಯವಸ್ಥೆ. ಸೈನಿಕನೊಬ್ಬ ಮತದಾರರನ್ನು ಹೇಗೆ ಕಂಡನೆಂಬುದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪೂರ್ವ, ಪಶ್ಚಿಮ ಎರಡೂ ಭಾಗಗಳಲ್ಲಿ ತಲಾ 40,000ದಂತೆ 80,000 ಸ್ಥಳೀಯ ಸದಸ್ಯರನ್ನು ಜನ ಆರಿಸುತ್ತಾರೆ. ದೇಶದ ಅಧ್ಯಕ್ಷನನ್ನು ಆರಿಸುವವರು ಆ ಸದಸ್ಯರು ಮಾತ್ರ. ನಮ್ಮ ಓದುಗರಿಗೆ ಇದನ್ನು ತಿಳಿಸಲು ಒಳ್ಳೆಯ ಹೋಲಿಕೆಯೊಂದು ಕೈಗೆಟುಕುವಷ್ಟು ಹತ್ತಿರದಲ್ಲಿದೆ: ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ನಮ್ಮ ವಿಧಾನ ಪರಿಷತ್ತಿಗೆ ನಡೆಯುವ ಚುನಾವಣೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗೆ ಮತವಿದೆ, ಊರಿನವರಿಗಿಲ್ಲ. ಆ ಬಗೆಯ ಚುನಾವಣೆಯಿಂದಲೇ ದೇಶದ ಮುಖ್ಯಸ್ಥನನ್ನು ಆರಿಸಿದರೆ ಹೇಗಿರುತ್ತದೆಂದು ಊಹಿಸಿಕೊಳ್ಳಲು ಹೇಳಿ. ಕೆಲವೇ ಸಾವಿರ ಮತದಾರರಿರುವ ಕಡೆ ಅಧಿಕಾರಿಗಳ ಒತ್ತಡ, ಆಮಿಷ ಎಷ್ಟು ಸುಲಭವಾಗಿ ಕೆಲಸ ಮಾಡುತ್ತವೆಂಬುದನ್ನು ಪಂಚಾಯಿತಿ ಕಟ್ಟೆಯ ರಾಜಕೀಯ ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಈ ವ್ಯವಸ್ಥೆಯ ಎರಡು ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ತೋರಿಸಿ. 1960ರ ಫೆಬ್ರುವರಿಯಲ್ಲಿ ಎದುರಾಳಿಯೇ ಇಲ್ಲದ ಜನಮತಗಣನೆಯಲ್ಲಿ ಅಯೂಬ್‌ಗೆ ಶೇ. 95ಕ್ಕೂ ಹೆಚ್ಚು ಮತ ಬಿತ್ತು. 1965ರ ಜನವರಿ 2ರಂದು ಎದುರಿಗೆ ಜಿನ್ನಾ ಅವರ ತಂಗಿ ಫಾತಿಮಾ ಜಿನ್ನಾ ನಿಂತಾಗ ಅದು ಶೇ. 63ರ ಆಸುಪಾಸಿಗೆ ಇಳಿಯಿತು. ಅಯೂಬ್ ಅವರ ಚಿಹ್ನೆ ಗುಲಾಬಿ, ಫಾತಿಮಾ ಅವರದು ಲಾಟೀನು. ಕರಾಚಿಯೂ ಢಾಕಾವೂ ಲಾಟೀನಿನ ಪಾಲಾದವು. ಪೂರ್ವ ಪಾಕಿಸ್ತಾನದಲ್ಲಿ ಅಯೂಬ್ ಅರ್ಧಕ್ಕಿಂತ ಸ್ವಲ್ಪವೇ ಮೇಲಿದ್ದರು. ಮೊದಲು ಗುರುತು ಹಾಕಿಟ್ಟ ಢಾಕಾವನ್ನು ಓದುಗರಿಗೆ ನೆನಪಿಸಬೇಕಾದ ಜಾಗ ಇದು.

ಭಾಷೆಯ ಬಗ್ಗೆ ಎರಡು ಮಾತು. ಭಾರತಕ್ಕೆ ‘ರಾಷ್ಟ್ರಪತಿ’, ಪಾಕಿಸ್ತಾನಕ್ಕೆ ‘ಅಧ್ಯಕ್ಷ’ ಎಂದು ಬರೆಯುವುದು ಕನ್ನಡ ಪತ್ರಿಕೆಗಳ ರೂಢಿ, ಅದನ್ನೇ ಪಾಲಿಸಿ. ಇನ್ನೊಂದು ಇದಕ್ಕಿಂತ ಮುಖ್ಯವಾದದ್ದು. ಮೊದಲ ಪುಟದಿಂದ ‘ಅವರು’ ಎಂದು ಬರೆಯುತ್ತ ಬಂದವರ ಲೇಖನಿ 1965ರ ಸೆಪ್ಟೆಂಬರ್ ಯುದ್ಧಕ್ಕೆ ಬರುತ್ತಿದ್ದಂತೆ ತಿಳಿಯದೆಯೇ ‘ಅವನು’ ಎಂಬುದಕ್ಕೆ ಜಾರುತ್ತದೆ. ವಯಸ್ಕ ಅಯೂಬ್‌ಗೆ ಬಹುವಚನವೆಂದು ನಿಶ್ಚಯಿಸಿದ ಮೇಲೆ ಅದನ್ನು ಕೊನೆಯವರೆಗೂ ನಡೆಸಿ. ತೀರ್ಪು ಕೊಡಬೇಕೆನಿಸಿದರೆ ಸಂಗತಿಗಳ ಮೂಲಕ ಕೊಡಿ, ಸರ್ವನಾಮದ ಮೂಲಕ ಬೇಡ.

ಯುದ್ಧದ ಭಾಗದಲ್ಲಿ ಕನ್ನಡಿಗರು ಬಿಡಲಾರದ ಪ್ರಸಂಗವೊಂದಿದೆ. ವಿಭಜನೆಗೆ ಮೊದಲು ಒಂದೇ ಸೇನೆಯಲ್ಲಿದ್ದ ಕಾರ್ಯಪ್ಪ ಮತ್ತು ಅಯೂಬ್ ಪರಿಚಿತರು. ಕಾರ್ಯಪ್ಪನವರ ಮಗ, ವಾಯುಪಡೆಯ ನಂದಾ ಕಾರ್ಯಪ್ಪ, ಯುದ್ಧದ ಕೊನೆಯ ದಿನಗಳಲ್ಲಿ ವಿಮಾನ ಉರುಳಿ ಪಾಕಿಸ್ತಾನದಲ್ಲಿ ಸೆರೆಸಿಕ್ಕರು. ಮಗನನ್ನು ಬಿಡಿಸಿ ಕಳಿಸುವುದಾಗಿ ಅಯೂಬ್ ಕಡೆಯಿಂದ ಮಾತು ಬಂತು. ಸೆರೆಯಲ್ಲಿರುವವರೆಲ್ಲ ತನ್ನ ಮಕ್ಕಳೇ, ಒಬ್ಬನಿಗೆ ವಿಶೇಷ ಬೇಡ ಎಂಬರ್ಥದ ಉತ್ತರ ಮಡಿಕೇರಿಯಿಂದ ಹೋಯಿತು. ಇಷ್ಟನ್ನು ಬರೆದು ನಿಲ್ಲಿಸಿ. ಉತ್ತರದ ನುಡಿಗಳು ಹೇಳುವವರಿಂದ ಹೇಳುವವರಿಗೆ ಬದಲಾಗುತ್ತವೆ, ಆದ್ದರಿಂದ ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕುವುದು ತರವಲ್ಲ. ನಾಟಕದ ಸಂಭಾಷಣೆ ಮಾಡುವುದಂತೂ ಬೇಡವೇ ಬೇಡ.

1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಒಪ್ಪಂದವಾಯಿತು, ಅದೇ ರಾತ್ರಿ ಕಳೆಯುವ ಮೊದಲೇ ಶಾಸ್ತ್ರೀಜಿ ತೀರಿಕೊಂಡರು. ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅಯೂಬ್ ಒಬ್ಬರು. ಅಲ್ಲಿಂದ ಮುಂದಿನದು ಇಳಿಜಾರು. ‘ಅಭಿವೃದ್ಧಿಯ ದಶಕ’ ಎಂದು 1968ರಲ್ಲಿ ಸರ್ಕಾರ ಸಂಭ್ರಮಿಸುತ್ತಿದ್ದಾಗಲೇ ವಿದ್ಯಾರ್ಥಿಗಳು ಬೀದಿಗಿಳಿದರು. ಪೂರ್ವದಲ್ಲಿ ಬಂಗಾಳಿಗಳ ನಾಯಕ ಮುಜಿಬುರ್ ರಹಮಾನ್ ಅವರ ಮೇಲೆ, ಭಾರತದೊಂದಿಗೆ ಸೇರಿ ದೇಶ ಒಡೆಯಲು ಸಂಚು ಮಾಡಿದರೆಂದು ಹೂಡಿದ್ದ ಅಗರ್ತಲಾ ಮೊಕದ್ದಮೆಯನ್ನು 1969ರ ಫೆಬ್ರುವರಿಯಲ್ಲಿ ಹಿಂತೆಗೆದುಕೊಳ್ಳಬೇಕಾಯಿತು.

ಕೊನೆಯ ಪುಟದಲ್ಲಿ ಹಾಳೆಯನ್ನು ಮತ್ತೊಮ್ಮೆ ಎದುರಿಗಿಟ್ಟುಕೊಳ್ಳಿ. 1962ರ ಸಂವಿಧಾನ ಅಯೂಬ್ ಅವರೇ ದೇಶಕ್ಕೆ ಕೊಟ್ಟದ್ದು. ಅದರಂತೆ ಅಧ್ಯಕ್ಷ ಸ್ಥಾನ ತೆರವಾದರೆ ಹೊಣೆ ಹೊರಬೇಕಾದವರು ರಾಷ್ಟ್ರೀಯ ಅಸೆಂಬ್ಲಿಯ ಸ್ಪೀಕರ್. 1969ರ ಮಾರ್ಚ್ 25ರಂದು ಅವರು ಅಧಿಕಾರ ಬಿಟ್ಟುಕೊಟ್ಟದ್ದು ಸ್ಪೀಕರಿಗಲ್ಲ, ಸೇನಾ ಮುಖ್ಯಸ್ಥ ಯಾಹ್ಯಾ ಖಾನ್‌ಗೆ. ಬಲಗಡೆಯ ಕಲಮು ಅಲ್ಲಿಗೆ ಮುಗಿಯುತ್ತದೆ. ಎಡಗಡೆಯದು ಇನ್ನೂ ಐದು ವರ್ಷ ಮುಂದುವರಿಯುತ್ತದೆ, ಏಕೆಂದರೆ ಫೀಲ್ಡ್ ಮಾರ್ಷಲ್ ದರ್ಜೆ ಜೀವವಿರುವವರೆಗಿನದು. 1974ರ ಏಪ್ರಿಲ್ 19ರಂದು ಇಸ್ಲಾಮಾಬಾದಿನಲ್ಲಿ ತೀರಿಕೊಂಡ ಅಯೂಬ್ ಅವರನ್ನು ರೆಹಾನಾದಲ್ಲಿ ಮಣ್ಣು ಮಾಡಲಾಯಿತು.