ಕ್ಯಾನ್ವಾಸಿಗೆ ಗೇರ್ ಹೊಲಿದೆ: ಸ್ಟೀಮ್‌ಪಂಕ್ ಮಿಕ್ಸೆಡ್ ಮೀಡಿಯಾದಲ್ಲಿ ನನ್ನ ಅನುಭವ

ಸ್ಟೀಮ್‌ಪಂಕ್ ಅಂದರೆ ಉಗಿಯಂತ್ರದ ಕಾಲದ ಗೇರು, ಬಾಯ್ಲರುಗಳ ನೋಟದ ಕಲಾಶೈಲಿ; ಮಿಕ್ಸೆಡ್ ಮೀಡಿಯಾ ಅಂದರೆ ಬಣ್ಣದ ಜೊತೆ ಬೇರೆ ವಸ್ತುಗಳನ್ನೂ ಸೇರಿಸಿ ಮಾಡುವ ಚಿತ್ರ. ಫ್ರೇಮಿಗೆ ಬಿಗಿದ ಕ್ಯಾನ್ವಾಸಿನ ಮೇಲೆ ನಿಜವಾದ ಲೋಹದ ಗೇರ್ ನಿಲ್ಲುವುದಿಲ್ಲ ಅಂತ ಕೇಳಿದವರೆಲ್ಲ ಹೇಳಿದ್ದರು. ಹಲಗೆ ಮೇಲೆ ಮಾಡು, ಇಲ್ಲಾಂದ್ರೆ ಪ್ಲಾಸ್ಟಿಕ್ ಗೇರಿಗೆ ಬಣ್ಣ ಬಳಿ ಅನ್ನುವುದೇ ಎಲ್ಲರ ಸಲಹೆ. ನನ್ನ 16x20 ಇಂಚಿನ ಕ್ಯಾನ್ವಾಸಿನ ಮೇಲೆ ಈಗ ಹೆಚ್ಚುಕಡಿಮೆ ಒಂದೂಕಾಲು ಕಿಲೋ ಹಿತ್ತಾಳೆ, ಕಬ್ಬಿಣ ಕೂತಿದೆ. ಗೋಡೆಗೆ ಹಾಕಿ ವರ್ಷದ ಮೇಲಾಯಿತು. ಬಟ್ಟೆ ಜೋತುಬಿದ್ದಿಲ್ಲ, ಒಂದು ವಾಷರ್ ಕೂಡ ಕಳಚಿಲ್ಲ. ಭಾರದ ತುಂಡು ಯಾವುದನ್ನೂ ನಾನು ಅಂಟಿಸಲಿಲ್ಲ, ಹೊಲಿದೆ.

ಅಂಟುಗಳನ್ನು ಪರೀಕ್ಷೆ ಮಾಡದೆ ಈ ಮಾತು ಹೇಳುತ್ತಿಲ್ಲ. ಹಾಟ್ ಗ್ಲೂ ಲೋಹ ತಾಗಿದ ತಕ್ಷಣ ತಣ್ಣಗಾಗಿಬಿಡುತ್ತದೆ, ಹಿಡಿಯುವುದೇ ಇಲ್ಲ. ಉಗುರಿನಲ್ಲಿ ಎತ್ತಿದರೆ ಇಡೀ ಹಾಳೆಯ ಹಾಗೆ ಎದ್ದು ಬರುತ್ತದೆ. ಸೂಪರ್ ಗ್ಲೂ ಗಟ್ಟಿಯಾಗೇನೋ ಹಿಡಿಯಿತು, ಆದರೆ ಗೇರಿನ ಸುತ್ತ ಬಿಳಿ ಮಬ್ಬು ಕೂತಿತು. ಕ್ಯಾನ್ವಾಸ್ ಸ್ವಲ್ಪ ಬಾಗಿದರೆ ಸಾಕು, ಪಟ್ ಅಂತ ಬಿಟ್ಟಿತು. ಎಪಾಕ್ಸಿಯೇ ವಾಸಿ ಅಂದುಕೊಂಡೆ. ಅದು ಗೇರನ್ನು ಬಿಡಲಿಲ್ಲ, ಕೆಳಗಿನ ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ತಳದ ಲೇಪ) ಪದರವನ್ನೇ ಬಟ್ಟೆಯಿಂದ ಕಿತ್ತುಕೊಂಡು ಕೆಳಗೆ ಬಂತು. ಅಲ್ಲಿಗೆ ವಿಷಯ ಸ್ಪಷ್ಟವಾಯಿತು: ತೊಂದರೆ ಇರುವುದು ಬಟ್ಟೆ ಅಲುಗಾಡುವುದರಲ್ಲಿ. ಅದನ್ನು ನಿಲ್ಲಿಸದೆ ಎಷ್ಟೇ ಒಳ್ಳೆಯ ಅಂಟು ತಂದರೂ ದುಡ್ಡು ದಂಡ.

ಹಾಗಾಗಿ ಒಂದೂವರೆ ಇಂಚು ದಪ್ಪದ ಫ್ರೇಮಿರುವ ಕ್ಯಾನ್ವಾಸ್ ತೆಗೆದುಕೊಂಡೆ. ಹಿಂಬದಿಯ ಖಾಲಿ ಜಾಗಕ್ಕೆ ಸರಿಯಾಗಿ 4 ಮಿ.ಮೀ. ಪ್ಲೈವುಡ್ ಕತ್ತರಿಸಿ, ಬಟ್ಟೆಗೆ ತಾಗುವ ಹಾಗೆ ಒಳಗೆ ಕೂರಿಸಿದೆ. ಅದು ಹಿಂದೆ ಸರಿಯದಂತೆ ಮೂಲೆಗಳಲ್ಲಿ ಮರದ ಚಕ್ಕೆ ಕೊಟ್ಟು ಸ್ಕ್ರೂ ಹಾಕಿದೆ. ಎಲ್ಲ ತುಂಡುಗಳನ್ನೂ ಮೇಲೆ ಸುಮ್ನೆ ಜೋಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಪೆನ್ಸಿಲ್ ಗುರುತು ಹಾಕಿದೆ. ಬಟ್ಟೆಗೆ ಡ್ರಿಲ್ ತಾಗಿಸಬೇಡಿ, ನೂಲು ಸುತ್ತಿಕೊಂಡು ಹರಿಯುತ್ತದೆ. ಮೊದಲು ದಬ್ಬಣದಲ್ಲಿ ಚುಚ್ಚಿ ಪ್ಲೈ ಮೇಲೆ ಗುರುತು ಬೀಳಿಸಿ, ಪ್ಲೈ ಹೊರಗೆ ತೆಗೆದು ಅಲ್ಲಿ 1.5 ಮಿ.ಮೀ. ತೂತು ಕೊರೆದು, ವಾಪಸ್ ಕೂರಿಸಬೇಕು. ಆಮೇಲೆ ಹಳೆ ಟ್ರಾನ್ಸ್‌ಫಾರ್ಮರಿನ ತಾಮ್ರದ ತಂತಿಯಲ್ಲಿ ಹೊಲಿಗೆ. ಗೇರಿನ ಅರದ (ನಡುವಿನ ಕಡ್ಡಿಯ) ಮೇಲಿಂದ ಹಾಯಿಸಿ, ಹಿಂದೆ ಇಕ್ಕಳದಲ್ಲಿ ತಿರುಚಿದರೆ ಆಯಿತು. ಒಂದು ದೊಡ್ಡ ಗೇರಿಗೆ ಮೂರು ಕಡೆ ಹೊಲಿಗೆ ಸಾಕು. ಮುಂದೆ ಕಾಣುವ ತಂತಿ ರಿವೆಟ್‌ನಂತೆ ಕಾಣುವುದಕ್ಕೆ ಒಂದು ಉಪಾಯ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ.

'ಪ್ಲೈ ಹಾಕಿದ ಮೇಲೆ ಕ್ಯಾನ್ವಾಸ್ ಯಾಕೆ, ಪ್ಲೈ ಮೇಲೇ ಮಾಡಬಹುದಿತ್ತಲ್ವಾ?' ಅಂತ ಕೇಳಿದವರಿದ್ದಾರೆ. ಗೇರುಗಳ ನಡುವೆ ಖಾಲಿ ಬಿಟ್ಟ ಜಾಗದಲ್ಲಿ ಆ ನೇಯ್ಗೆ ಕಾಣಬೇಕು. ಒಣ ಬ್ರಷ್ ಆಡಿಸಿದಾಗ ಬಣ್ಣ ನೇಯ್ಗೆಯ ತಲೆ ಮೇಲಷ್ಟೇ ಕೂರುತ್ತದೆ. ಹಲಗೆಯಲ್ಲಿ ಅದು ಬರುವುದೇ ಇಲ್ಲ.

ಸಣ್ಣ ಸ್ಪ್ರಿಂಗು, ಮುಳ್ಳು, ಕೈಗಡಿಯಾರದ ಚಕ್ರಗಳಿಗೆ ಹೆವಿ ಜೆಲ್, ಅಂದರೆ ಅಂಟಿನ ಹಾಗೆ ಹಿಡಿಯುವ ದಪ್ಪ ಅಕ್ರಿಲಿಕ್ ಜೆಲ್. ಧಾರಾಳವಾಗಿ ಹಾಕಿ ಒಳಗೆ ಹೂಳಬೇಕು, ಬದಿಯಿಂದ ಸ್ವಲ್ಪ ಮೇಲೆ ಉಕ್ಕಬೇಕು. ಬಿಳಿ ಪೂರ್ತಿ ಹೋಗಿ ಪಾರದರ್ಶಕ ಆಗುವ ತನಕ ಮುಟ್ಟಬೇಡಿ. ದಪ್ಪ ಇದ್ದ ಕಡೆ ನನಗೆ ವಾರವೇ ಹಿಡಿಯಿತು. ಬೇಗ ಒಣಗಲಿ ಅಂತ ಹೀಟ್ ಗನ್ ಹಿಡಿದರೆ ಗುಳ್ಳೆ ಏಳುತ್ತದೆ.

ಇನ್ನು ದುಡ್ಡು. ಗೇರಿಗೆ ನಾನು ಖರ್ಚು ಮಾಡಿದ್ದು ಇಲ್ಲವೆನ್ನುವಷ್ಟು ಕಡಿಮೆ. ರಿಪೇರಿಯವರು ಕೈಬಿಟ್ಟ ಅಲಾರಾಂ ಗಡಿಯಾರಗಳನ್ನು ಗುಜರಿ ಲೆಕ್ಕದಲ್ಲಿ ತೂಕಕ್ಕೆ ತಂದೆ. ಪ್ಯಾಕೆಟ್ಟಿನಲ್ಲಿ ಬರುವ ರೆಡಿಮೇಡ್ ಸ್ಟೀಮ್‌ಪಂಕ್ ಗೇರುಗಳು ತೆಳು ತಗಡು. ಎಲ್ಲವೂ ಒಂದೇ ಅಚ್ಚು, ಒಂದರ ಹಲ್ಲು ಇನ್ನೊಂದಕ್ಕೆ ಕೂರುವುದಿಲ್ಲ. ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ನುಂಗಿದ್ದು ಜೆಲ್. ಸಣ್ಣ ಟ್ಯೂಬುಗಳನ್ನು ಬಿಟ್ಟು ದೊಡ್ಡ ಡಬ್ಬಿ ತಂದ ಮೇಲೆ ಅದೇ ದುಡ್ಡಿಗೆ ಎರಡು ಪಟ್ಟು ಕೆಲಸವಾಯಿತು. ಉಳಿದಿದ್ದು ಕ್ಯಾನ್ವಾಸಿಗೆ ಹೋಯಿತು. ಬಣ್ಣದ ಖರ್ಚು ಲೆಕ್ಕಕ್ಕೇ ಇಲ್ಲ.

ಹಳೆ ಗಡಿಯಾರ ಬಿಚ್ಚುವಾಗ ಎರಡು ಎಚ್ಚರಿಕೆ. ಕೀಲಿ ಕೊಟ್ಟ ಸ್ಪ್ರಿಂಗನ್ನು ಪೂರ್ತಿ ಸಡಿಲಿಸದೆ ತಟ್ಟೆ ಬಿಚ್ಚಿದರೆ ಬೆರಳು ಸೀಳುತ್ತದೆ. ಎರಡನೆಯದು ಕತ್ತಲಲ್ಲಿ ಹೊಳೆಯುವ ಅಂಕಿಗಳ ಡಯಲ್. 1970ರ ದಶಕಕ್ಕಿಂತ ಹಿಂದಿನದಾದರೆ ಆ ಬಣ್ಣದಲ್ಲಿ ರೇಡಿಯಂ ಇರಬಹುದು. ಹೊಳಪು ಸತ್ತಿದ್ದರೂ ವಿಕಿರಣ ಸತ್ತಿರುವುದಿಲ್ಲ, ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. ಅಂಥ ಡಯಲ್ ಎಷ್ಟೇ ಚೆನ್ನಾಗಿರಲಿ, ನಾನು ಬಿಚ್ಚುವುದೂ ಇಲ್ಲ, ಕೆರೆಯುವುದೂ ಇಲ್ಲ.

ಜೋಡಣೆಯಲ್ಲಿ ನನ್ನದೊಂದು ಹಟ ಇದೆ: ನೋಡಿದರೆ ಯಂತ್ರ ತಿರುಗುತ್ತದೆ ಅನ್ನಿಸಬೇಕು. ಹಲ್ಲಿಗೆ ಹಲ್ಲು ಕೂರಬೇಕು. ಮೂರು ಗೇರುಗಳನ್ನು ತ್ರಿಕೋನದಲ್ಲಿ ಒಂದಕ್ಕೊಂದು ತಾಗಿಸಿದರೆ ಮೂರೂ ಲಾಕ್ ಆಗುತ್ತವೆ, ಯಾವುದೂ ತಿರುಗಲಾರದು. ಈ ಶೈಲಿಯ ಎಷ್ಟೋ ಕೆಲಸಗಳಲ್ಲಿ ಇದನ್ನು ನೋಡಿದ್ದೇನೆ, ನೋಡಿದಾಗೆಲ್ಲ ಸಂಕಟವಾಗುತ್ತದೆ. ನನ್ನದರಲ್ಲಿ ಹಾಗಿಲ್ಲ. ಬಾಯ್ಲರಿನಂತಿರುವ ಮೂಲೆಯಿಂದ ಹೊರಟು ಗಡಿಯಾರದ ಮುಖದವರೆಗೆ ಒಂದೇ ಸಾಲು. ಮೆಕ್ಯಾನಿಕ್ ಗೆಳೆಯನೊಬ್ಬ ಬೆರಳಿಟ್ಟು ಒಂದೊಂದೇ ಗೇರ್ ಯಾವ ಕಡೆ ತಿರುಗುತ್ತದೆ ಅಂತ ಕೊನೆಯವರೆಗೂ ಲೆಕ್ಕ ಹಾಕಿ, 'ಸರಿಯಾಗಿದೆ' ಅಂದ. ಅವತ್ತು ಬಂದಷ್ಟು ಖುಷಿ ಬೇರೆ ಯಾವ ಮೆಚ್ಚುಗೆಯಿಂದಲೂ ಬಂದಿಲ್ಲ.

ಆಮೇಲೆ ಎಲ್ಲದರ ಮೇಲೂ ಕಪ್ಪು ಜೆಸ್ಸೊ. ಒಳ್ಳೆ ಹಿತ್ತಾಳೆಗೆ ಕಪ್ಪು ಬಳಿಯುತ್ತೀಯಾ ಅಂತ ಬೈದವರೂ ಉಂಟು. ಬಳಿಯದಿದ್ದರೆ ಕಬ್ಬಿಣ ಕಬ್ಬಿಣವಾಗಿ, ಹಿತ್ತಾಳೆ ಹಿತ್ತಾಳೆಯಾಗಿ ಬೇರೆ ಬೇರೆ ನಿಲ್ಲುತ್ತದೆ, ಯಂತ್ರ ಒಂದಾಗುವುದಿಲ್ಲ. ಗಡಿಯಾರದ ಎಣ್ಣೆ ಹೋಗುವ ಹಾಗೆ ಮೊದಲೇ ಸೋಪು ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದಿರಬೇಕು, ಇಲ್ಲದಿದ್ದರೆ ಜೆಸ್ಸೊ ಸಿಪ್ಪೆ ಏಳುತ್ತದೆ. ಎರಡು ಕೋಟ್ ಒಣಗಿದ ಮೇಲೆ 400 ನಂಬರಿನ ಸ್ಯಾಂಡ್ ಪೇಪರನ್ನು ಬೆರಳಿಗೆ ಸುತ್ತಿಕೊಂಡು ಹಲ್ಲುಗಳ ತುದಿಯನ್ನಷ್ಟೇ ಉಜ್ಜಿದೆ. ತುದಿಯಲ್ಲಿ ನಿಜವಾದ ಹಿತ್ತಾಳೆ ಹೊಳೆಯುತ್ತದೆ, ಹಲ್ಲಿನ ಸಂದಿಯಲ್ಲಿ ಕಪ್ಪು ಉಳಿಯುತ್ತದೆ. ಎಷ್ಟೋ ವರ್ಷ ಓಡಿ ಸವೆದ ಯಂತ್ರದ ಹಾಗೆ. ಮೆಟಾಲಿಕ್ ಬಣ್ಣದಲ್ಲಿ ಇದು ಸಾಧ್ಯವಿಲ್ಲ, ಅದರಲ್ಲಿರುವುದು ಬಹುಪಾಲು ಬಣ್ಣ ಲೇಪಿಸಿದ ಅಭ್ರಕದ ಪುಡಿ.

ತುಕ್ಕು ಬೇರೆಯೇ ಕಥೆ. ನಿಜವಾದ ತುಕ್ಕು ಬೇಕು ಅಂತ ವಾಷರುಗಳನ್ನು ವಿನೆಗರ್‌ನಲ್ಲಿ ನೆನೆಸಿ ಸತುವಿನ ಲೇಪ ತೆಗೆದೆ. ಆಮೇಲೆ ಹೊರಗೆ ಗಾಳಿಯಲ್ಲಿಟ್ಟು, ಉಪ್ಪು ಬೆರೆಸಿದ 3% ಹೈಡ್ರೋಜನ್ ಪೆರಾಕ್ಸೈಡ್ ಹಾಕಿದೆ. ಕೆಲವೇ ನಿಮಿಷದಲ್ಲಿ ಕೇಸರಿ ಬಣ್ಣ ಬಂತು, ನೋಡಲು ಎಷ್ಟು ಚೆನ್ನ! ಆದರೆ ಜೆಲ್‌ನಂಥ ನೀರಿನಂಶದ ಅಕ್ರಿಲಿಕ್ ಮೀಡಿಯಂ ತಾಗಿದ ಕೂಡಲೇ ಕಂದು ಕಲೆ ಸುತ್ತಲೂ ಹರಿಯಿತು. ಕೊನೆಗೆ ಬರ್ಂಟ್ ಸಿಯೆನ್ನಾ (ಕೆಂಗಂದು) ಅಕ್ರಿಲಿಕ್‌ಗೆ ಅಡಿಗೆ ಸೋಡಾ ಬೆರೆಸಿ ಸ್ಪಂಜಿನಲ್ಲಿ ಒತ್ತಿದೆ. ಇನ್ನೊಂದು ಪುಡಿಯೂ ಬೆರೆಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಹಿತ್ತಾಳೆಗೆ ಹಸಿರು ಕಿಲುಬು ಮಾತ್ರ ನಿಜವಾದದ್ದೇ: ಮುಚ್ಚಿದ ಡಬ್ಬಿಯಲ್ಲಿ ಅಮೋನಿಯದ ಆವಿ, ಮೇಲೆ ಚಿಟಿಕೆ ಉಪ್ಪು, ಒಂದೆರಡು ದಿನ. ಇದನ್ನು ಮನೆಯೊಳಗೆ ಮಾಡಬಾರದು. ಈ ತುಂಡುಗಳಿಗೆ ಕಪ್ಪು ಬಳಿಯಲಿಲ್ಲ.

ಒಂದು ಗೇರನ್ನು ತಿರುಗಿಸುವ ಆಸೆಯೂ ಇತ್ತು. ಬ್ಯಾಟರಿ ಗಡಿಯಾರದ ಮೆಷಿನ್ನನ್ನು ಹಿಂದೆ ಕೂರಿಸಿ ಸೆಕೆಂಡ್ ಮುಳ್ಳಿನ ಜಾಗಕ್ಕೆ ಹಿತ್ತಾಳೆ ಚಕ್ರ ಹಾಕಿದರೆ ಅಲ್ಲೇ ನಡುಗಿತು, ಮುಂದೆ ಹೋಗಲಿಲ್ಲ. ಅದೇ ಅಳತೆಯಲ್ಲಿ ಕಾಗದದ ಗೇರ್ ಕತ್ತರಿಸಿ ಬಣ್ಣ ಹಚ್ಚಿ ಹಾಕಿದೆ. ಈಗ ಟಿಕ್ ಟಿಕ್ ಅಂತ ಓಡುತ್ತಿದೆ.

ಕೊನೆಗೆ ವಾರ್ನಿಷ್. ಮ್ಯಾಟ್ ಹಾಕಿದರೆ ಲೋಹದ ಹೊಳಪು ಸಾಯುತ್ತದೆ, ಸ್ಯಾಟಿನ್ ಹಾಕಿ. ಉಜ್ಜಿದ ತುದಿಗಳ ಮೇಲೂ ಬೀಳಬೇಕು, ಇಲ್ಲದಿದ್ದರೆ ಮತ್ತೆ ಮಂಕಾಗುತ್ತವೆ. ಮೆಟಾಲಿಕ್ ವ್ಯಾಕ್ಸ್ (ಲೋಹದ ಹೊಳಪು ಕೊಡುವ ಮೇಣ) ಬೇಕಿದ್ದರೆ ವಾರ್ನಿಷ್ ಆದ ಮೇಲೆ. ವ್ಯಾಕ್ಸ್ ಮೇಲೆ ವಾರ್ನಿಷ್ ಹಿಡಿಯುವುದಿಲ್ಲ. ತೂಗುಹಾಕಲು ನಡುವೆ ತಂತಿ ಕಟ್ಟಿ ಒಂದೇ ಮೊಳೆಗೆ ಹಾಕುವುದು ಬೇಡ. ಫ್ರೇಮಿನ ಎರಡೂ ಬದಿಗೆ ಡಿ-ರಿಂಗ್ (D ಆಕಾರದ ಲೋಹದ ಬಳೆ) ಸ್ಕ್ರೂ ಮಾಡಿ, ಎರಡು ಮೊಳೆಗೆ ಹಾಕಿ.